ಒಂದೂವರೆ ಸುತ್ತು

ಯಶೋದಾ, ಆ ದಿನ ನಿನ್ನ ಕಾಲು ತಪ್ಪಿರಲಿಲ್ಲ. ನಿನ್ನ ಬಲಗಾಲಿನ ಸ್ಕೇಟ್ಸಿನ ನಟ್ಟನ್ನು ನಾನು ಬಿಗಿ ಮಾಡಿದ್ದೆ — ಒಂದೂವರೆ ಸುತ್ತು. ಬಿಗಿ ಮಾಡಿದವನೂ ನಾನೇ, ನೀನು ಬಿದ್ದ ಮೇಲೆ ಯಾರಿಗೂ ಕಾಣದಂತೆ ಅದನ್ನು ಮತ್ತೆ ಸಡಿಲಿಸಿದವನೂ ನಾನೇ, ತಪ್ಪು ನಿನ್ನ ಕಾಲಿನದು ಎಂದು ನಿನಗೆ ಹೇಳಿದವನೂ ನಾನೇ. ಒಂಬತ್ತು ವರ್ಷವಾಯಿತು. ಇಷ್ಟು ಬರೆಯಲು ನನಗೆ ಮೂರು ಭಾನುವಾರ ಹಿಡಿಯಿತು.

ಎದುರು ನಿಂತು ಹೇಳಬಹುದಿತ್ತು. ಆದರೆ ನನ್ನ ಬಾಯಿ ನನಗೆ ಗೊತ್ತು — ಮಾತಿಗೆ ನಿಂತರೆ ನಡುವೆ ಎಲ್ಲೋ ಒಂದು ನೆಪ ಸೇರಿಸಿಕೊಂಡುಬಿಡುತ್ತದೆ. ಕಾಗದದ ಮೇಲಾದರೆ ಅದನ್ನು ಹೊಡೆದುಹಾಕಬಹುದು. ಈ ಪುಟಗಳಲ್ಲಿ ಗೀಟು ಬಿದ್ದ ಕಡೆಯೆಲ್ಲ ಒಂದೊಂದು ನೆಪ ಇತ್ತೆಂದು ತಿಳಿದುಕೋ. ನಿನಗೆ ಗೊತ್ತಿರುವುದನ್ನೂ ಮೊದಲಿಂದ ಬರೆಯುತ್ತಿದ್ದೇನೆ, ಯಾಕೆಂದರೆ ಇದನ್ನು ನೀನೊಬ್ಬಳೇ ಅಲ್ಲ, ನಿನ್ನ ಹತ್ತಿರ ಕಲಿಯುವ ಮಕ್ಕಳ ತಂದೆತಾಯಿಗಳೂ ಓದಬೇಕು.

ಅವರಿಗೆ ನಾನು ಯಾರೆಂದು ಗೊತ್ತಿರಲಿಕ್ಕಿಲ್ಲ. ಹೆಸರು ತಿಪ್ಪೇಸ್ವಾಮಿ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಯೂನಿಟ್ಟುಗಳಿಗೆ ಮಿಷನ್ ರಿಪೇರಿ ಮಾಡುತ್ತೇನೆ. ಹುಡುಗನಾಗಿದ್ದಾಗ ಬಳ್ಳಾರಿಯಲ್ಲಿ ಕೆಲಸ ಕಲಿಯಲು ಹೋಗಿ, ಕೆಲಸದ ಜೊತೆಗೆ ನಾಲ್ಕು ಗಾಲಿಯ ಬೂಟಿನ ಹುಚ್ಚನ್ನೂ ಹಚ್ಚಿಕೊಂಡು ಬಂದವನು. ಊರಿಗೆ ಬಂದ ಮೇಲೆ ಇಪ್ಪತ್ತು ವರ್ಷ ಭಾನುವಾರ ಭಾನುವಾರ ಮಕ್ಕಳಿಗೆ ಸ್ಕೇಟಿಂಗ್ ಕಲಿಸಿದೆ. ವೇಗವಾಗಿ ಓಡುವುದು, ಹಾರುವುದು, ಗಾಳಿಯಲ್ಲಿ ಒಂದು ಸುತ್ತು ತಿರುಗಿ ನಿಲ್ಲುವುದು — ನನಗೆ ತಿಳಿದಿದ್ದು ಇಷ್ಟೇ, ಕಲಿಸಿದ್ದೂ ಇಷ್ಟೇ. ಊರಲ್ಲಿ ಬೇರೆ ಯಾರಿಗೂ ಇದು ಬಾರದ್ದರಿಂದ ನಾನೇ ದೊಡ್ಡ ಗುರು ಎಂದು ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದೆ.

ನನ್ನ ವಿದ್ಯೆಯೆಲ್ಲ ಕಿವಿಯಲ್ಲಿದೆ. ಮಿಷನ್ ಕೆಟ್ಟಿದೆ ಎಂದು ಕರೆದರೆ ನಾನು ಮೊದಲು ಮುಚ್ಚಳ ಬಿಚ್ಚುವುದಿಲ್ಲ, ಓಡಿಸಿ ಕೇಳುತ್ತೇನೆ. ನಿನ್ನನ್ನು ಮೊದಲು ಕಂಡದ್ದೂ ಕಿವಿಯಿಂದಲೇ — ಏನೂ ಕೇಳಿಸದ್ದರಿಂದ. ಮಡಕಶಿರಾದಲ್ಲಿ ಹೊಸದಾಗಿ ಎಂಟು ಮಿಷನ್ ಹಾಕಿದ್ದರು, ಅವನ್ನು ಕೂರಿಸಿಕೊಡಲು ಬಂದಿದ್ದೆ. ಮಧ್ಯಾಹ್ನ ಕರೆಂಟು ಹೋಯಿತು. ನೆರಳು ಹುಡುಕಿಕೊಂಡು ಶೇಂಗಾ ಗೋದಾಮಿನ ಕಡೆ ನಡೆದೆ. ಮುಂದೆ ಶೇಂಗಾ ಒಣಗಿಸುವ ಸಿಮೆಂಟಿನ ಕಣ, ಬೆಳೆಯೆಲ್ಲ ಎತ್ತಿಯಾಗಿ ಖಾಲಿ ಬಿದ್ದಿತ್ತು. ಅದರ ಮೇಲೆ ಹದಿನಾರು ಹದಿನೇಳರ ಹುಡುಗಿಯೊಬ್ಬಳು ತಗಡಿನ ಸ್ಕೇಟ್ಸನ್ನು ಹಳೆಯ ಸೀರೆಯ ಅಂಚಿನಿಂದ ಕಾಲಿಗೆ ಬಿಗಿದುಕೊಂಡು ಸುತ್ತುತ್ತಿದ್ದಳು. ತಗಡಿನ ಗಾಲಿ, ಒರಟು ಸಿಮೆಂಟು — ಗಡಗಡ ಶಬ್ದಕ್ಕೆ ಬೀದಿ ನಾಯಿಗಳು ಏಳಬೇಕಿತ್ತು. ಶಬ್ದವೇ ಇಲ್ಲ. ನನ್ನ ಕಿವಿಗೇ ಏನಾದರೂ ಆಯಿತೇ ಎಂದು ಬೆರಳು ಹಾಕಿ ನೋಡಿಕೊಂಡೆ.

ನೀನು ಮೂರೇ ಮೂರು ಸಲ ಕಾಲಿನಿಂದ ನೂಕಿದೆ. ಆಮೇಲೆ ನೂಕಲಿಲ್ಲ. ಒಂದೇ ಕಾಲ ಮೇಲೆ, ಮೈಯನ್ನು ಒಂದು ಮಗ್ಗುಲಿಗೆ ಚೂರೇ ಚೂರು ವಾಲಿಸಿ, ಕಣದ ಈ ಮೂಲೆಯಿಂದ ಆ ಮೂಲೆಗೆ ದೊಡ್ಡ ಬಾಗಿನಲ್ಲಿ ಹೋದೆ. ನಡುವೆ ಮುಖ ಹಿಂದಕ್ಕೆ ತಿರುಗಿತು, ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ — ಇನ್ನೊಂದು ಕಾಲು ನೆಲ ಮುಟ್ಟಲೇ ಇಲ್ಲ. ತಿರುಗಿದಷ್ಟೂ ವೇಗ ಕಡಿಮೆಯಾಗಬೇಕು, ಅದು ಲೆಕ್ಕ. ನಿನ್ನದು ಹೆಚ್ಚುತ್ತಿತ್ತು. ಎಲ್ಲಿಂದ ಬರುತ್ತಿದೆ ಈ ಓಟ ಎಂದು ನಾನು ನಿನ್ನ ಮೊಣಕಾಲು ನೋಡಿದೆ, ಸೊಂಟ ನೋಡಿದೆ, ಕೊನೆಗೆ ಹಿಮ್ಮಡಿ ನೋಡಿದೆ. ತಿಳಿಯಲಿಲ್ಲ. ಯಶೋದಾ, ನಿಜ ಹೇಳುತ್ತೇನೆ, ನನ್ನ ಮೈಮೇಲೆ ಮುಳ್ಳೆದ್ದವು. ಐವತ್ತು ವರ್ಷದ ಗಂಡಸು, ಗೋದಾಮಿನ ಗೋಡೆಗೆ ಆನಿಕೊಂಡು, ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದೆ.

ನಿನ್ನ ತಾಯಿ ಪೊರಕೆ ಪಕ್ಕಕ್ಕಿಟ್ಟು ನೆರಳಲ್ಲಿ ಕೂತಿದ್ದರು. ಆ ಕಣ ಗುಡಿಸುವ ಕೆಲಸ ಅವರದು. ಹುಡುಗಿಗೆ ಕಲಿಸಿದವರು ಯಾರೆಂದು ಕೇಳಿದೆ.

"ಯಾರೂ ಇಲ್ಲ ಸಾ. ಫೋನು ನೋಡ್ಕಂಡೇ ಕಲ್ತವ್ಳೆ. ಬೈದು ಬೈದು ನಂಗೂ ಸಾಕಾಗೈತೆ" ಎಂದರು.

ನೀನು ಬಂದು ಫೋನು ತೋರಿಸಿದೆ. ಹಿಮದ ನೆಲದ ಮೇಲೆ ಆಡುವವರ ವಿಡಿಯೊಗಳು. ಎಲ್ಲೆಲ್ಲಿಯವರೋ, ಅವರ ಹೆಸರು ನಿನ್ನ ಬಾಯಿಗೂ ಹೊಂದುತ್ತಿರಲಿಲ್ಲ, ನನ್ನ ಬಾಯಿಗೂ. ಆದರೆ ಫೋನಿನ ಮೇಲಿನ ಅರ್ಧಕ್ಕೆ ನೀನು ಕರೆಂಟಿನವರ ಕಪ್ಪು ಟೇಪು ಅಂಟಿಸಿದ್ದೆ. ಆಡುವವರ ಸೊಂಟದಿಂದ ಕೆಳಗೆ ಮಾತ್ರ ಕಾಣುತ್ತಿತ್ತು. ಇದೇನವ್ವಾ ಎಂದೆ.

"ಮೇಲೆ ನೋಡಿದ್ರೆ ಫ್ರಾಕು ನೋಡ್ತಾ ಕೂತ್ಕಂಬಿಡ್ತೀನಿ ಸಾ. ನಂಗೆ ಅವರ ಕಾಲು ಸಾಕು."

ಆ ಮಾತು ನನ್ನನ್ನು ಹಿಡಿದುಕೊಂಡಿತು. ನಾನೂ ಆ ವಿಡಿಯೊಗಳನ್ನು ನೋಡಿದ್ದವನೇ. ಆದರೆ ಹಾರುವುದನ್ನಷ್ಟೇ ಎಣಿಸುತ್ತಿದ್ದೆ, ನಡುವಿನದೆಲ್ಲ ಮುಂದಿನ ಹಾರಿಕೆಗೆ ದಾರಿ ಎಂದು ಬೆರಳಿನಿಂದ ಮುಂದೆ ತಳ್ಳುತ್ತಿದ್ದೆ. ನೀನು ಆ ನಡುವಿನದನ್ನೇ ನೋಡುತ್ತಿದ್ದೆ. ಆ ದಿನ ನಿನ್ನ ಪಕ್ಕ ಕೂತು, ಟೇಪಿನ ಕೆಳಗಿನ ಅರ್ಧ ಫೋನಿನಲ್ಲಿ, ನಾನೂ ನೋಡಿದೆ. ಒಬ್ಬ ಹುಡುಗ ಹಿಮದ ಮೇಲೆ ಗಾಲಿಯ ಬದಲು ಬೂಟಿನಡಿ ಇರುವ ಒಂದೇ ಅಲಗಿನ ಅಂಚಿನಲ್ಲಿ ಒಳಕ್ಕೆ ಬಾಗಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೊರ ಅಂಚಿಗೆ ದಾಟಿ, ಎಲ್ಲಿ ದಾಟಿದ ಎಂದೇ ತಿಳಿಯದ ಹಾಗೆ ಹೋಗಿಬಿಟ್ಟ. ನೀನು ಅದನ್ನು ನಿಲ್ಲಿಸಿ, ಹಿಂದೆ ತಂದು, ಮತ್ತೆ ನಿಲ್ಲಿಸಿ, "ಇಲ್ಲಿ ಸಾ, ಇಲ್ಲಿ ಮಂಡಿ ಉಸಿರಾಡ್ತೈತೆ ನೋಡಿ" ಎಂದು ತೋರಿಸಿದೆ. ಇಪ್ಪತ್ತು ವರ್ಷದ ಗುರುವಿಗೆ ಮಂಡಿ ಉಸಿರಾಡುವುದು ಅಂದು ಮೊದಲ ಸಲ ಕಂಡಿತು.

ಆಮೇಲೆ ತಿಂಗಳಿಗೊಮ್ಮೆ ಮಡಕಶಿರಾಕ್ಕೆ ಬರತೊಡಗಿದೆ. ಮಿಷನ್ ನೋಡಲು ಎಂದು ಮನೆಯಲ್ಲಿ ಹೇಳುತ್ತಿದ್ದೆ. ಕಲ್ಯಾಣದುರ್ಗದ ಮೇಲೆ ಬಸ್ಸು ಬದಲಿಸಿ ಬದಲಿಸಿ ಬರುವ ಹೊತ್ತಿಗೆ ನಡು ಬಿದ್ದುಹೋಗಿರುತ್ತಿತ್ತು. ಆದರೂ ಬರುತ್ತಿದ್ದೆ. ಬಳ್ಳಾರಿಯ ದಿನಗಳಿಂದ ಕಾಪಾಡಿಕೊಂಡಿದ್ದ ನನ್ನ ಬೂಟುಗಳನ್ನು ನಿನಗೆ ಕೊಟ್ಟೆ. ಎರಡು ಜೊತೆ ಸಾಕ್ಸ್ ಹಾಕಿಕೊಂಡರೆ ನಿನಗೆ ಸರಿಹೋಗುತ್ತಿದ್ದವು. ಬೂಟಿನಡಿ ಗಾಲಿಗಳನ್ನು ಹಿಡಿದಿರುವ ನಟ್ಟಿನ ವಿಷಯ ಆಗಲೇ ಬಂದದ್ದು. ಅದು ಬಿಗಿಯಿದ್ದರೆ ಬೂಟು ನೆಟ್ಟಗೆ ಓಡುತ್ತದೆ, ಹಾರಿ ಇಳಿಯುವವರಿಗೆ ಅದೇ ಬೇಕು. ಸಡಿಲವಿದ್ದರೆ ಮೈ ವಾಲಿದ ಕಡೆ ಗಾಲಿಯೂ ವಾಲುತ್ತದೆ, ಬಾಗು ಹುಟ್ಟುತ್ತದೆ, ಆದರೆ ಕಾಲು ಗಟ್ಟಿ ಇಲ್ಲದವರು ಮುಗ್ಗರಿಸುತ್ತಾರೆ. ನಾನು ನನ್ನ ಮಕ್ಕಳಿಗೆ ಯಾವತ್ತೂ ಸಡಿಲಿಸಿಕೊಟ್ಟವನಲ್ಲ. ನೀನು ಕೇಳಿದೆ. ನಾನು ಒಂದೊಂದು ಸಲಕ್ಕೆ ಕಾಲುಭಾಗ ಸುತ್ತು ಸಡಿಲಿಸುತ್ತಾ ಹೋದೆ. "ಇನ್ನೊಂಚೂರು ಸಾ" ಎನ್ನುತ್ತಲೇ ಹೋದೆ ನೀನು. ಕೊನೆಗೆ ಬೆರಳಿನಿಂದಲೇ ತಿರುಗುವಷ್ಟು ಸಡಿಲವಾದಾಗ ಎದ್ದು ನಿಂತು, "ಹ್ಞೂಂ, ಈಗ ಇದು ನನ್ನ ಮಾತು ಕೇಳ್ತೈತೆ" ಎಂದೆ. ಅಷ್ಟು ಸಡಿಲ ಗಾಲಿಯ ಮೇಲೆ ಸುಮ್ಮನೆ ನಿಲ್ಲುವುದು ನನ್ನಿಂದಲೂ ಆಗುತ್ತಿರಲಿಲ್ಲ.

ಒಂದು ಸಲ ಶೇಂಗಾ ಎತ್ತಿದ ಮಾರನೆಯ ದಿನ ಬಂದಿದ್ದೆ. ಕಣದ ಮೇಲೆಲ್ಲ ತೆಳ್ಳಗೆ ಕೆಂಪು ಧೂಳು. ನಿನ್ನ ತಾಯಿ ಗುಡಿಸಲು ಹೊರಟರು, ನಾನೇ ಬೇಡವೆಂದೆ. ಬಲಗಾಲ ಮೇಲೆ ಒಂದು ವೃತ್ತ ಹಾಕು ಎಂದೆ. ಹಾಕಿದೆ. ಅದರ ಮೇಲೇ ಇನ್ನೊಂದು ಎಂದೆ. ನೀನು ಆರು ಸಲ ಸುತ್ತಿದೆ. ಆಮೇಲೆ ನಾನು ಮಂಡಿಯೂರಿ ಧೂಳಿನಲ್ಲಿ ನೋಡಿದರೆ — ಒಂದೇ ಗೆರೆ. ಎಲ್ಲೋ ಒಂದು ಕಡೆ ಮಾತ್ರ ನನ್ನ ಕಿರುಬೆರಳಿನಷ್ಟು ಅಗಲವಾಗಿತ್ತು. ನೀನು ಅದನ್ನು ನೋಡಿ ಬೇಸರ ಮಾಡಿಕೊಂಡೆ. ನಾನು ಎದ್ದು ಹೋಗಿ ಟ್ಯಾಂಕಿನ ನೀರಲ್ಲಿ ಮುಖ ತೊಳೆದು ಬಂದೆ.

ಇಷ್ಟೆಲ್ಲ ಯಾಕೆ ಬರೆದೆ ಗೊತ್ತೇ? ನಾನು ತಿಳಿಯದೆ ಮಾಡಿದವನಲ್ಲ ಎಂದು ನಿನಗೆ ಗೊತ್ತಾಗಲಿ ಅಂತ. ನಿನ್ನ ಬೆಲೆ ಆ ಜಿಲ್ಲೆಯಲ್ಲಿ ನನ್ನಷ್ಟು ತಿಳಿದವರು ಬೇರೆ ಯಾರೂ ಇರಲಿಲ್ಲ.

ಆಗ ರಾಯದುರ್ಗವೂ ಮಡಕಶಿರಾವೂ ಒಂದೇ ಜಿಲ್ಲೆ. ರಾಜ್ಯ ಮಟ್ಟಕ್ಕೆ ಜಿಲ್ಲೆಯಿಂದ ಒಬ್ಬಳನ್ನು ಆರಿಸುವ ಸ್ಪರ್ಧೆ ನಮ್ಮೂರಲ್ಲಿ ಇತ್ತು. ನಿನ್ನನ್ನು ಕರೆದವನೂ ನಾನೇ. ಒಂದು ಮದುವೆ ಹಾಲಿನ ನುಣ್ಣನೆಯ ಕಲ್ಲಿನ ನೆಲ, ವಧೂವರರು ಕೂರುವ ಕಟ್ಟೆಯ ಮೇಲೆ ತೀರ್ಪುಗಾರರ ಕುರ್ಚಿ. ನೀನೂ ನಿನ್ನ ತಾಯಿಯೂ ಹಿಂದಿನ ದಿನವೇ ಬಂದು ನಮ್ಮ ಮನೆಯಲ್ಲಿ ಉಳಿದಿರಿ. ಬೆಳಿಗ್ಗೆ ಎಲ್ಲರೂ ಮೈ ಬೆಚ್ಚಗೆ ಮಾಡಿಕೊಳ್ಳಲು ಸುತ್ತುತ್ತಿದ್ದಾಗ ನೀನು ಆ ಕಲ್ಲಿನ ಮೇಲೆ ಇಳಿದೆ. ಸಿಮೆಂಟಿನ ಮೇಲೇ ಹಾಗಿದ್ದವಳು, ಆ ನುಣುಪಿನ ಮೇಲೆ — ಅದನ್ನು ಹೇಗೆ ಬರೆಯಲಿ? ಕುರ್ಚಿ ಜೋಡಿಸುತ್ತಿದ್ದವರು ಕುರ್ಚಿ ಹಿಡಿದುಕೊಂಡೇ ನಿಂತರು.

ನನ್ನ ಪಕ್ಕ ಸಿಂಧು ನಿಂತಿದ್ದಳು. ಎಂಟು ವರ್ಷ ನಾನು ತಿದ್ದಿದ ಹುಡುಗಿ, ಒಳ್ಳೆ ಹಾರುತ್ತಿದ್ದಳು. ಆ ವರ್ಷ ಅವಳೇ ಹೋಗುತ್ತಾಳೆಂದು ಊರೆಲ್ಲ ಹೇಳಿಕೊಂಡಿದ್ದೆ. ಅವಳು ನಿನ್ನಿಂದ ಕಣ್ಣು ಕೀಳದೆ, ಮೆಲ್ಲಗೆ ಕೇಳಿದಳು:

"ಸಾರ್, ನೀವು ನಮಗ ಹಿಂಗ ಯಾಕ ಕಲಿಸಲಿಲ್ರಿ?"

ಅವಳದು ದೂರಲ್ಲ. ತಿಳಿಯುವ ಆಸೆಯಿಂದ ಕೇಳಿದ ಮಾತು. ಆದರೆ ನನಗೆ ಕೆನ್ನೆಗೆ ಬಾರಿಸಿದಂತಾಯಿತು. ನನಗೇ ಬಾರದ್ದನ್ನು ಹೇಗೆ ಕಲಿಸಲಿ? ಇನ್ನರ್ಧ ಗಂಟೆಯಲ್ಲಿ ನೀನು ಆಡಿ ಮುಗಿಸಿದರೆ ಇದೇ ಪ್ರಶ್ನೆಯನ್ನು ಊರೆಲ್ಲ ಕೇಳುತ್ತದೆ ಎನ್ನಿಸಿತು. ಕಣದಲ್ಲಿ ನಿನ್ನನ್ನು ನೋಡಿ ಕಣ್ಣೊರೆಸಿಕೊಂಡವನೂ ಇವನೇ. ಅಲ್ಲಿ ನೋಡುವವನು ನಾನೊಬ್ಬನೇ ಇದ್ದೆ, ಹಾಗಾಗಿ ನೀನು ನನ್ನ ಸಂಪತ್ತಾಗಿದ್ದೆ. ಇಲ್ಲಿ ಎಲ್ಲರೂ ನೋಡುತ್ತಿದ್ದರು.

ನಮ್ಮೂರ ಸ್ಪರ್ಧೆಗಳಲ್ಲಿ ಒಂದು ಪದ್ಧತಿ ಇತ್ತು, ನಾನೇ ಹಾಕಿದ್ದು. ಹೊಸ ಲಾಟಿನ ಬಟ್ಟೆ ಹೊಲಿಯುವ ಮೊದಲು ಮಿಷನ್ನುಗಳನ್ನೆಲ್ಲ ಒಮ್ಮೆ ನೋಡಿ ಕುಂಕುಮ ಇಡುವುದು ಯೂನಿಟ್ಟುಗಳ ರೂಢಿ. ಅದನ್ನೇ ಇಲ್ಲಿಗೂ ತಂದಿದ್ದೆ. ಮೈ ಬೆಚ್ಚಗಾದ ಮೇಲೆ ಎಲ್ಲರ ಬೂಟುಗಳನ್ನೂ ಬಿಚ್ಚಿಸಿ, ಮೇಜಿನ ಮೇಲೆ ದುಪ್ಪಟಿ ಹಾಸಿ, ಹೆಸರಿನ ಚೀಟಿ ಇಟ್ಟು ಸಾಲಾಗಿ ಜೋಡಿಸುವುದು. ನಾನು ಒಂದೊಂದನ್ನೇ, ನಟ್ಟು ತಿರುವುವ ಪಾನಾ ಹಿಡಿದು ಪರೀಕ್ಷೆ ಮಾಡಿ ಕುಂಕುಮದ ಬೊಟ್ಟು ಇಡುವುದು. ಬೊಟ್ಟು ಬಿದ್ದ ಮೇಲೆ ಹೆಸರು ಕೂಗುವವರೆಗೂ ಯಾರೂ ಮುಟ್ಟುವಂತಿಲ್ಲ, ಕಟ್ಟಿಕೊಂಡು ನೇರ ಆಟಕ್ಕೆ ಇಳಿಯಬೇಕು. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ, ಅವರವರ ಬೂಟು ಅವರವರ ಕೈಯಲ್ಲೇ ಇರುತ್ತದಂತೆ. ಇಲ್ಲಿ ಎಲ್ಲರಿಗೂ ನನ್ನ ಕೈಯ ಮೇಲೆ ನಂಬಿಕೆ ಇತ್ತು.

ನಿನ್ನ ಬಲಗಾಲಿನ ಬೂಟನ್ನು ಎತ್ತಿಕೊಂಡೆ. ಪಾನಾ ನಟ್ಟಿಗೆ ಕೂತಿತು. ಮೊದಲ ಅರ್ಧ ಸುತ್ತು ಕೈ ತಾನಾಗಿ ತಿರುವಿತು. ಸಡಿಲವಾದದ್ದು ಕಂಡರೆ ಬಿಗಿ ಮಾಡುವುದು ನನ್ನ ಕಸುಬು, ಮೂವತ್ತು ವರ್ಷದ ಅಭ್ಯಾಸ. ಒಂಬತ್ತು ವರ್ಷ ಈ ಅರ್ಧ ಸುತ್ತನ್ನೇ ಹಿಡಿದುಕೊಂಡು ಬದುಕಿದೆ — ಕೈ ತಪ್ಪಿತು, ಕೈ ತಪ್ಪಿತು ಎಂದು. ಆದರೆ ಅರ್ಧ ಸುತ್ತಿಗೆ ಕೈ ನಿಂತಿತ್ತು. ಇದು ಯಾರ ಬೂಟು, ಈ ನಟ್ಟು ಯಾಕೆ ಹೀಗಿದೆ ಎಂದು ನೆನಪಾಗಿ ನಿಂತಿತ್ತು. ಆಮೇಲಿನ ಒಂದು ಪೂರ್ತಿ ಸುತ್ತನ್ನು ತಿರುವಿದ್ದು ಅಭ್ಯಾಸವಲ್ಲ. ಎಡಗಾಲಿನ ಬೂಟಿಗೂ ಕೈ ಹಾಕುತ್ತಿದ್ದೆ, ಅಷ್ಟರಲ್ಲಿ ಚಹಾ ಕೊಡಲು ಯಾರೋ ಬಂದರು. ಎಡಗಾಲು ಉಳಿದದ್ದು ನನ್ನ ದಯೆಯಿಂದಲ್ಲ.

ಬಿಗಿ ಮಾಡಿದ ಕೈಯಿಂದಲೇ ಕುಂಕುಮ ಇಟ್ಟೆ. ಹೆಸರು ಕೂಗಿದಾಗ ನೀನು ಬಂದು, ಬೊಟ್ಟಿಟ್ಟ ಬೂಟನ್ನು ಕಣ್ಣಿಗೊತ್ತಿಕೊಂಡೆ. ನನ್ನ ಮುಖ ನೋಡಿ ನಕ್ಕೆ. ನಾನೂ ನಕ್ಕೆ.

ನೀನು ಮೂರು ಸಲ ನೂಕಿ ಬಲಗಾಲ ಮೇಲೆ ನಿಂತು ಬಾಗಿದೆ. ಮೈ ಬಾಗಿತು, ಬೂಟು ಬಾಗಲಿಲ್ಲ. ವೃತ್ತದಲ್ಲಿ ತಿರುಗಬೇಕಾದವಳು ನೆಟ್ಟಗೆ ಗೋಡೆಯ ಕಡೆ ಹೋದೆ, ತಿರುಗಿಸಲು ಹೋಗಿ ಬಿದ್ದೆ. ಅಂಗೈ ಕಲ್ಲಿಗೆ ಬಡಿದ ಶಬ್ದ ಹಾಲೆಲ್ಲ ಕೇಳಿತು. ನಿನ್ನ ತಾಯಿ ಎದ್ದು ನಿಂತರು. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಆಮೇಲೆ ಆದದ್ದನ್ನು ಹೇಳಲು ನನ್ನನ್ನು ಬಿಟ್ಟು ಬೇರೆ ಸಾಕ್ಷಿ ಇಲ್ಲ, ಆದ್ದರಿಂದ ಪೂರ್ತಿ ಹೇಳುತ್ತೇನೆ. ನೀನು ಎದ್ದೆ. ಬಲಗಾಲನ್ನು ಎರಡು ಸಲ ನೆಲಕ್ಕೆ ಒತ್ತಿ ನೋಡಿದೆ. ಕೈಯ ಮೇಲೆ ಒಂದೆರಡು ಉಸಿರು ಊದಿಕೊಂಡೆ. ಮತ್ತೆ ಹೊರಟೆ — ಎಡಗಾಲ ಮೇಲೆ. ವರ್ಷವಿಡೀ ಬಲಗಾಲಿನಲ್ಲಿ ಕಲಿತದ್ದನ್ನು, ಬಲಕ್ಕೆ ತಿರುಗುತ್ತಿದ್ದುದನ್ನೆಲ್ಲ ಎಡಕ್ಕೆ ತಿರುಗಿಸಿಕೊಂಡು, ಕನ್ನಡಿಯಲ್ಲಿ ಕಂಡಂತೆ ಮಗುಚಿ ಆಡಿಬಿಟ್ಟೆ. ಯೋಚಿಸಲು ಹೊತ್ತಿರಲಿಲ್ಲ, ಹಾಡು ಓಡುತ್ತಿತ್ತು. ಬಲಗೈಯಲ್ಲಿ ಬರೆಯುವವರು ಪರೀಕ್ಷೆಯ ನಡುವೆ ಪೆನ್ನನ್ನು ಎಡಗೈಗೆ ಬದಲಿಸಿ, ಅದೇ ಅಕ್ಷರ, ಅದೇ ವೇಗದಲ್ಲಿ ಬರೆದಂತೆ. ಬಾಗದ ಬಲಗಾಲನ್ನು ಬರೀ ಒಂದು ಊರುಗೋಲಿನಂತೆ, ತಾಳಕ್ಕೆ ಸರಿಯಾಗಿ ಇಟ್ಟು ಎತ್ತುತ್ತಿದ್ದೆ. ಒಳ ಅಂಚಿನಿಂದ ಹೊರ ಅಂಚಿಗೆ ದಾಟುವ ಜಾಗ ಬಂತು. ಎಡಗಾಲಿನಲ್ಲಿ ನೀನು ಅದನ್ನು ಒಮ್ಮೆಯೂ ಮಾಡಿದ್ದನ್ನು ನಾನು ನೋಡಿರಲಿಲ್ಲ. ದಾಟಿದೆ. ಮಂಡಿ ಉಸಿರಾಡಿತು. ನನಗೆ ಕಂಡಿತು.

ಅಂಥದನ್ನು ನಾನು ಫೋನಿನಲ್ಲೂ ನೋಡಿಲ್ಲ. ಹಿಮದ ಮೇಲಿನವರಿಗೂ ಅವರ ಅಲಗನ್ನು ಯಾರೂ ಹೀಗೆ ಕೆಡಿಸಿರಲಿಕ್ಕಿಲ್ಲ. ಹಾಲಿನಲ್ಲಿದ್ದವರು ನೋಡಿದ್ದು ಬಿದ್ದೆದ್ದ ಒಬ್ಬ ಹುಡುಗಿ ಒಂದು ಕಾಲು ಎಳೆದುಕೊಂಡು ಹೇಗೋ ಆಟ ಮುಗಿಸಿದ್ದನ್ನು. ಕೆಲವರು ಪಾಪ ಎಂದರು. ಅಲ್ಲಿ ನಡೆದದ್ದು ಏನೆಂದು ತಿಳಿದವನು ನಾನೊಬ್ಬನೇ, ಮತ್ತು ನನಗೆ ತಿಳಿದದ್ದು ನಾನು ಬಿಗಿ ಮಾಡಿದ್ದರಿಂದ. ಎದ್ದು ನಿಂತು ನೋಡ್ರಿ, ಆಕಿ ಏನು ಮಾಡ್ಯಾಳ ನೋಡ್ರಿ ಎಂದು ಕೂಗಬೇಕೆನ್ನಿಸಿತು. ಕೂಗಿದ್ದರೆ, ನಿನಗೆ ಹೇಗೆ ಗೊತ್ತು ಎಂದು ನನ್ನನ್ನು ಕೇಳುತ್ತಿದ್ದರು. ಕೈ ತಟ್ಟಲೂ ಆಗಲಿಲ್ಲ.

ನೀನು ಹೊರಗೆ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುತ್ತಿದ್ದೆ. ಬಲಗಾಲಿನದನ್ನು ನಿನ್ನ ಕೈಯಿಂದ ತೆಗೆದುಕೊಂಡು, ನೋಡಿ ತರುತ್ತೇನೆಂದು ಒಳಗೆ ಹೋದೆ. ಅಡುಗೆ ಕೋಣೆಯ ಹಿಂದೆ ನಿಂತು ಒಂದೂವರೆ ಸುತ್ತು ಸಡಿಲಿಸಿದೆ. ಅಲ್ಲಿ ಅರ್ಧ ಸುತ್ತಿನ ಅಭ್ಯಾಸವೂ ಇಲ್ಲ, ಒಂದೂವರೆಯೂ ನನ್ನದೇ. ಹಿಂದಿರುಗಿದಾಗ ನೀನು ಕೇಳಿದೆ:

"ಸಾ, ಬಲಗಾಲು ಬಾಗ್ಲೇ ಇಲ್ಲ. ನಟ್ಟು ಏನಾರ ಬಿಗಿ ಆಗಿತ್ತಾ?"

"ನಟ್ಟು ಸರೀನ ಐತಿ. ಬೇಕಾದ್ರ ನೀನ ತಿರುವಿ ನೋಡು. ಕಾಲು ತಪ್ಪೈತಿ, ಅಷ್ಟ" ಎಂದೆ.

ನೀನು ಎರಡು ಬೆರಳಿನಿಂದ ತಿರುವಿ ನೋಡಿದೆ. ಸುಲಭವಾಗಿ ತಿರುಗಿತು. ನಿನ್ನ ಮುಖದಲ್ಲಿ ಆಗ ಆದದ್ದನ್ನು — ಅದನ್ನು ಬರೆಯಲು ನೋಡಿದೆ, ಆಗುತ್ತಿಲ್ಲ. "ಹೌದು ಸಾ. ಸಡ್ಲಾಗೇ ಐತೆ" ಎಂದೆ. ಕೈಯಲ್ಲಿದ್ದ ಬೂಟನ್ನು ನಂಬಿದೆ, ನನ್ನನ್ನು ನಂಬಿದೆ, ನಿನ್ನ ಕಾಲನ್ನು ನಂಬುವುದು ಬಿಟ್ಟೆ. ಬೂಟುಗಳನ್ನು ನನ್ನ ಪಕ್ಕ ಜೋಡಿಸಿಟ್ಟು, ತಾಯಿಯ ಜೊತೆ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದೆ.

ರಾಜ್ಯ ಮಟ್ಟಕ್ಕೆ ಸಿಂಧು ಹೋಗಿ ಬಂದಳು, ಏನೂ ಆಗಲಿಲ್ಲ. ಆಮೇಲೆ ಆಟವನ್ನೇ ಬಿಟ್ಟಳು. ಅವಳ ಪ್ರಶ್ನೆಗೂ ನಾನು ಉತ್ತರ ಕೊಡಲಿಲ್ಲ. ಮಡಕಶಿರಾದ ಮಿಷನ್ನುಗಳನ್ನು ಇನ್ನೊಬ್ಬನಿಗೆ ಒಪ್ಪಿಸಿದೆ. ನೀನು ಸ್ಕೇಟಿಂಗ್ ಬಿಟ್ಟೆಯೆಂದು ಅವನೇ ಒಮ್ಮೆ ಹೇಳಿದ. ಓದಿಕೊಂಡಳು, ಒಳ್ಳೆಯದಾಯಿತು ಬಿಡು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಂಥ ಸುಖವಾದ ಸುಳ್ಳು ಅದು.

ಹೋದ ತಿಂಗಳು ಕಲ್ಯಾಣದುರ್ಗದಲ್ಲಿ ಮಕ್ಕಳ ಸ್ಪರ್ಧೆ. ಬೂಟು ಪರೀಕ್ಷೆಯ ನಮ್ಮೂರ ಪದ್ಧತಿ ಈಗ ಅಲ್ಲಿಗೂ ಬಂದಿದೆ, ಅದಕ್ಕೆ ಇವತ್ತಿಗೂ ನನ್ನನ್ನೇ ಕರೆಯುತ್ತಾರೆ. ಮಡಕಶಿರಾ ಕಡೆಯಿಂದ ಹತ್ತು ಮಕ್ಕಳು ಬಂದಿದ್ದಾರೆಂದರು. ಅವರ ಬೂಟುಗಳನ್ನು ಎತ್ತಿ ನೋಡಿದೆ. ಹತ್ತು ಜೊತೆಯಲ್ಲೂ ನಟ್ಟುಗಳು ಕೊನೆಯವರೆಗೆ ಬಿಗಿ. ಬಿಗಿ ಮಾಡಿದ್ದಲ್ಲದೆ ಮತ್ತೆ ಸಡಿಲವಾಗದಂತೆ ಮೇಲೆ ಕೆಂಪು ಉಗುರುಬಣ್ಣ ಹಚ್ಚಿ ಮುಚ್ಚಿದ್ದರು. ಪಕ್ಕದಲ್ಲಿ, ನಿಮ್ಮ ಕಡೆಯ ಅಗಳಿ ಎಂಬ ಊರಿನ ಹುಡುಗಿಯೊಬ್ಬಳು ತನ್ನ ಬೂಟಿಗಾಗಿ ಕಾಯುತ್ತಿದ್ದಳು, ಎಂಟೋ ಒಂಬತ್ತೋ ವರ್ಷ. ಇದನ್ನು ಯಾರು ಹಚ್ಚಿದ್ದವ್ವಾ ಎಂದೆ.

"ನಮ್ಗೆ ಕಲ್ಸೋ ಅಕ್ಕ. ಸಡ್ಲ ಬಿಟ್ರೆ ಕಾಲು ಮೋಸ ಮಾಡ್ತೈತಂತೆ ಸಾ. ಅಕ್ಕನಿಗೆ ಹಂಗೇ ಆಗಿತ್ತಂತೆ."

ಅಷ್ಟರಲ್ಲಿ ನೀನೇ ಬಂದೆ. ನನ್ನ ಗುರುತು ಹಿಡಿದೆ. ಗ್ರಾಮ ಸಚಿವಾಲಯದಲ್ಲಿ ಕೆಲಸ ಸಿಕ್ಕಿದೆ ಎಂದೆ, ಭಾನುವಾರ ಅದೇ ಕಣದ ಮೇಲೆ ಕಲಿಸುತ್ತೇನೆ ಎಂದೆ. "ನಂಗೆ ಮೊದಲು ಬೂಟು ಕೊಟ್ಟೋರು ಇವರೇ" ಎಂದು ಮಕ್ಕಳನ್ನೆಲ್ಲ ಕರೆದು ನನ್ನ ಕಾಲಿಗೆ ಬೀಳಿಸಿದೆ. ನಾನು ಆಶೀರ್ವಾದ ಮಾಡಿದೆ. ಆಗಲೂ ಬಾಯಿ ಬಿಡಲಿಲ್ಲ, ಇದನ್ನೂ ಒಂಬತ್ತು ವರ್ಷದ ಹಿಂದಿನದರ ಜೊತೆಗೇ ಬರೆದುಕೋ.

ನಿನ್ನ ಮಕ್ಕಳು ಅಚ್ಚುಕಟ್ಟಾಗಿ ಆಡಿದರು. ಯಾರೂ ಬೀಳಲಿಲ್ಲ. ನೆಟ್ಟಗೆ ಹೋದರು, ಹಾರಿದರು, ನೆಟ್ಟಗೆ ಬಂದರು — ಥೇಟ್ ನಾನು ಕಲಿಸಿದ ಮಕ್ಕಳು. ನಿನ್ನಂಥವಳ ಕೈಕೆಳಗೆ ಕಲಿತು ಅವರು ನನ್ನ ಮಕ್ಕಳಾಗಿದ್ದರು. ಆ ಅಗಳಿಯ ಹುಡುಗಿ ಮಾತ್ರ ತನ್ನ ಸರದಿ ಮುಗಿದ ಮೇಲೆ ಹಾಲಿನ ಒಂದು ಕೊನೆಯಲ್ಲಿ ಒಂಟಿ ಕಾಲ ಮೇಲೆ ನಿಂತು ಒಂದು ಮಗ್ಗುಲಿಗೆ ವಾಲುತ್ತಿದ್ದಳು. ಬೂಟು ಬಾಗುತ್ತಿರಲಿಲ್ಲ. ಮತ್ತೆ ವಾಲುತ್ತಿದ್ದಳು. ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ, ಅವಳ ಮಂಡಿಗೆ ತಾನಾಗಿ ಗೊತ್ತಿತ್ತು. ಎಷ್ಟು ವಾಲಿದರೂ ಆಗದ್ದನ್ನು ನೋಡಿ, ಅವಳು ಬಗ್ಗಿ ತನ್ನ ಕಾಲನ್ನೇ ಒಂದು ಏಟು ಹೊಡೆದಳು. ನನಗೆ ಅಲ್ಲಿ ಕೂತಿರಲು ಆಗಲಿಲ್ಲ, ಎದ್ದು ಬಸ್‌ಸ್ಟ್ಯಾಂಡಿಗೆ ಬಂದುಬಿಟ್ಟೆ.

ನಿನಗೆ ಮಾಡಿದ್ದು ನಿನ್ನಲ್ಲೇ ನಿಂತಿದೆ ಎಂದು ನಂಬಿಕೊಂಡಿದ್ದೆ. ನಿಂತಿಲ್ಲ. ನನ್ನ ಸುಳ್ಳನ್ನು ನೀನು ಪಾಠವೆಂದು ತಿಳಿದು, ಪ್ರೀತಿಯಿಂದ, ಉಗುರುಬಣ್ಣ ಹಚ್ಚಿ ಆ ಮಕ್ಕಳ ಕಾಲಿಗೆ ಕಟ್ಟುತ್ತಿದ್ದೀಯ. ಅದಕ್ಕೇ ಇದನ್ನು ಅವರ ತಂದೆತಾಯಿಗಳೂ ಓದಬೇಕೆಂದೆ. ನೀನು ತಿಳಿದುಕೊಂಡದ್ದು ಸುಳ್ಳು. ನಿನ್ನ ಕಣ್ಣು ಸರಿ ಇತ್ತು, ನಿನ್ನ ಮಂಡಿ ಸರಿ ಇತ್ತು, ಸಡಿಲ ನಟ್ಟು ಸರಿ ಇತ್ತು.

ಬರುವ ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಇದನ್ನು ನಿನ್ನ ಕೈಗೆ ಕೊಡುವ ಮೊದಲು ಮಕ್ಕಳ ಮುಂದೆ, ಅವರ ತಂದೆತಾಯಿಗಳ ಮುಂದೆ, ನಿನ್ನ ತಾಯಿಯ ಮುಂದೆ ಓದುತ್ತೇನೆ. ಕ್ಷಮಿಸು ಎಂದು ಇದರಲ್ಲಿ ಎಲ್ಲೂ ಬರೆದಿಲ್ಲ, ಕೇಳುವುದೂ ಇಲ್ಲ. ನಿನ್ನ ತಾಯಿ ಪೊರಕೆ ಎತ್ತಿಕೊಂಡರೆ ನಿಂತು ತಿನ್ನುತ್ತೇನೆ. ನೀನು ಬೈದರೆ ಮುಗಿಯುವವರೆಗೂ ಕೇಳುತ್ತೇನೆ. ಸುಮ್ಮನಿದ್ದರೆ ಅದನ್ನೂ ಕೇಳಿಸಿಕೊಳ್ಳುತ್ತೇನೆ.

ಒಂದು ಮಾತು ಉಳಿದಿದೆ. ಇದೆಲ್ಲ ಕೇಳಿದ ಮೇಲೆ, ಆ ದಿನವೋ ಇನ್ಯಾವ ದಿನವೋ, ನಿನಗೆ ಮತ್ತೆ ಬೂಟು ಕಟ್ಟಿಕೊಂಡು ಕಣಕ್ಕಿಳಿಯಬೇಕೆನ್ನಿಸಬಹುದು. ನಿನ್ನ ಕಾಲನ್ನು ಇನ್ನೊಮ್ಮೆ ನೋಡಬೇಕೆಂಬ ಆಸೆ ನನಗೆ ಒಂಬತ್ತು ವರ್ಷದಲ್ಲಿ ಒಂದು ದಿನವೂ ಸತ್ತಿಲ್ಲ, ಈಗ ಬರೆಯುವಾಗಲೂ ಇದೆ. ನೀನು ಇಳಿಯುವುದಾದರೆ ನನಗೊಂದು ಮಾತು ಹೇಳು. ನಾನು ರಸ್ತೆಗೆ ಹೋಗಿ, ಕಣಕ್ಕೆ ಬೆನ್ನು ಮಾಡಿ ನಿಲ್ಲುತ್ತೇನೆ.